ಹಿಂದಿನ ಸೀಟಿನ ಅಜ್ಜಿ

ಹೋದ ತಿಂಗಳು ದಾವಣಗೆರೆಯಲ್ಲಿ ಅವರಿಗೊಂದು ನುಡಿನಮನ ಸಭೆ ಇಟ್ಟಿದ್ದರು. ನೀವೂ ಎರಡು ಮಾತಾಡಿ ಅಂದರು. ಎರಡು ಮಾತಿನ ಜಾಗದಲ್ಲಿ ಕಾಲು ಗಂಟೆ ಮಾತಾಡಿದೆ. ಅವರ ಸೈಕಲ್ಲು, ಅವರ ನಗು, ಅವರ ಹಟ ಎಲ್ಲ ಹೇಳಿದೆ. ಹೇಳಲೇಬೇಕಾಗಿದ್ದ ಒಂದನ್ನು ಮಾತ್ರ ನುಂಗಿಕೊಂಡು ಕೆಳಗಿಳಿದೆ. ನನ್ನನ್ನು ವೇದಿಕೆಗೆ ಕರೆಯುವಾಗ ನಿರೂಪಕರು, "ತಾವು ಬರೆದದ್ದು ತಪ್ಪಾಗಿದ್ದರೆ ತಾವೇ ಮುಂದೆ ಬಂದು ಒಪ್ಪಿಕೊಂಡಂಥ ಪ್ರಾಮಾಣಿಕರು" ಎಂದು ಪರಿಚಯಿಸಿದ್ದರು. ಜನ ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ಊಟಕ್ಕೂ ನಿಲ್ಲದೆ ಹೊರಟುಬಂದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಅವರ ಹೆಸರು ಬೇಡ. ನಾವೆಲ್ಲ ಯಜಮಾನರು ಅನ್ನುತ್ತಿದ್ದೆವು. ಮಂಡಿಪೇಟೆಯ ಒಂದು ಸಂದಿಯಲ್ಲಿ ಅವರದೊಂದು ಚಿಕ್ಕ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಮಠದ ಕಾರ್ಯಕ್ರಮದ ಕರಪತ್ರ, ಇವು ಹೊಟ್ಟೆಪಾಡು. ಇವುಗಳ ನಡುವೆ ಅವರೊಂದು ಹುಚ್ಚು ಹಚ್ಚಿಕೊಂಡಿದ್ದರು. ಬರೀ ಕಾರುಗಳ ಬಗ್ಗೆಯೇ ಒಂದು ಕನ್ನಡ ಮಾಸಪತ್ರಿಕೆ! ಮುಖಪುಟ ಮಾತ್ರ ಬಣ್ಣದ್ದು, ಒಳಗೆಲ್ಲ ಕಪ್ಪು ಬಿಳುಪು. ಓದುತ್ತಿದ್ದವರಲ್ಲಿ ಕಾರಿದ್ದವರು ಕಡಿಮೆ. ಟ್ಯಾಕ್ಸಿ ಡ್ರೈವರುಗಳು, ಗ್ಯಾರೇಜಿನವರು, ಹೈಸ್ಕೂಲು ಮೇಷ್ಟ್ರುಗಳು, ಜನ್ಮದಲ್ಲಿ ಕಾರು ಕೊಳ್ಳುವ ಯೋಗವಿಲ್ಲದ ಕಾಲೇಜು ಹುಡುಗರು, ಇವರೇ ಹೆಚ್ಚು. ದಾವಣಗೆರೆಯಿಂದ ರಾಣೆಬೆನ್ನೂರಿನವರೆಗೆ ಎಷ್ಟೋ ಗ್ಯಾರೇಜುಗಳ ಗೋಡೆಯ ಮೇಲೆ ದೇವರ ಕ್ಯಾಲೆಂಡರಿನ ಪಕ್ಕದಲ್ಲಿ ಅದರ ಮುಖಪುಟ ಅಂಟಿಸಿರುತ್ತಿದ್ದರು.

ಇಂಥ ಪತ್ರಿಕೆಯ ಸಂಪಾದಕರು ದಿನಾ ಪ್ರೆಸ್ಸಿಗೆ ಬರುತ್ತಿದ್ದುದು ಸೈಕಲ್ಲಿನಲ್ಲಿ. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಪುಟ್ಟ ನೋಟುಬುಕ್ಕು. ಜನ ಛೇಡಿಸದೆ ಬಿಡುತ್ತಾರೆಯೇ? "ಏನ್ರೀ ಯಜಮಾನ್ರೆ, ಊರಿಗೆಲ್ಲ ಕಾರ್ ಹೇಳ್ತೀರಿ, ನಿಮ್ದು ಯಾವಾಗ?" ಅಂದರೆ ನಗುತ್ತಲೇ ಹೇಳುತ್ತಿದ್ದರು: "ಕಾರ್ ತಗಂಡೋನು ತನ್ ಕಾರೇ ಚಲೋ ಅಂತಾನೆ. ನಂದು ಯಾವ್ದೂ ಇಲ್ಲ. ಅದಕ್ಕೇ ನಾಕು ಜನ ನನ್ ಮಾತು ನಂಬ್ತಾರೆ."

ನಾನಾಗ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಕಾಲ. ಸಂಜೆ ಹೊತ್ತು ಪ್ರೂಫ್ ನೋಡಿಕೊಡಲು ಪ್ರೆಸ್ಸಿಗೆ ಹೋಗುತ್ತಿದ್ದವನನ್ನು ಅವರು ಮೆಲ್ಲಗೆ ಬರೆಯಲು ಹಚ್ಚಿದರು. ಆದರೆ ಮೊದಲು ಡ್ರೈವಿಂಗ್ ಕಲಿಯಬೇಕು ಎಂದು ಪಟ್ಟು ಹಿಡಿದರು. ಓಡಿಸದವನು ಬರೆಯಬಾರದು ಎಂಬುದು ಅವರ ಕಾನೂನು. ನಾನು ಕಲಿತೆ. ಆಮೇಲೆ 'ಹಿಂದಿನ ಸೀಟು' ಎಂಬ ಅಂಕಣವನ್ನು ನನಗೆ ವಹಿಸಿದರು. ಆ ಪತ್ರಿಕೆಯ ಜೀವ ಇದ್ದದ್ದೇ ಅದರಲ್ಲಿ.

ಅದು ನಡೆಯುತ್ತಿದ್ದ ಕ್ರಮವನ್ನು ಹೇಳಬೇಕು. ಶೋರೂಮಿನವರು ಯಾವುದಾದರೂ ಹೊಸ ಕಾರನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ, ದಾವಣಗೆರೆಯಿಂದ ಹೊರಟು, ಹರಿಹರದ ದಾರಿಯಲ್ಲಿರುವ ಬಾತಿ ಬಸ್‌ಸ್ಟಾಪಿನಲ್ಲಿ ನಿಲ್ಲಿಸಬೇಕು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಾರನ್ನಾದರೂ ಸರಿ, ಮೂವರನ್ನು ಹಿಂದೆ ಕೂರಿಸಿಕೊಳ್ಳಬೇಕು. "ಹರಿಹರಕ್ಕೇನ್ರೀ? ಬರ್ರಿ, ಕೂಡ್ರಿ" ಎಂದು ಯಜಮಾನರು ಬಾಗಿಲು ತೆಗೆದು ನಿಂತರೆ ಜನ ಮೊದಲು ಅನುಮಾನಿಸಿ, ಆಮೇಲೆ ಬುಟ್ಟಿ ಚೀಲ ಸಮೇತ ಹತ್ತುತ್ತಿದ್ದರು. ಹರಿಹರದಲ್ಲಿ ಅವರನ್ನು ಇಳಿಸಿ ಬೇರೆ ಮೂವರನ್ನು ಹತ್ತಿಸಿಕೊಂಡು, ನಂದಿಗುಡಿಯವರೆಗೆ ಕೆಟ್ಟ ರಸ್ತೆಯಲ್ಲಿ ಹೋಗಿ ಬರಬೇಕು. ಹತ್ತಿದವರು ಏನು ಹೇಳಿದರೋ ಅದನ್ನೇ, ಅವರ ಹೆಸರು ಊರು ಹಾಕಿ, ಒಂದಕ್ಷರ ತಿದ್ದದೆ ಅಚ್ಚು ಮಾಡಬೇಕು. "ಕಾರಿನ ಬಗ್ಗೆ ಅವ್ರನ್ನ ಏನೂ ಕೇಳಬ್ಯಾಡ್ರಿ ಮೇಷ್ಟ್ರೆ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. "ಹತ್ತೋದು ನೋಡಬ್ಯಾಡ್ರಿ, ಇಳಿಯೋದು ನೋಡ್ರಿ. ಹತ್ತುವಾಗ ಎಲ್ರಿಗೂ ಹುರುಪು ಇರ್ತೈತೆ. ಇಳಿಯುವಾಗ ಮೈ ನಿಜ ಹೇಳ್ತೈತೆ."

ಆ ವರ್ಷಗಳಲ್ಲಿ ಪತ್ರಿಕೆಗೆ ಏಟು ಬೀಳತೊಡಗಿತ್ತು. ದಿನಪತ್ರಿಕೆಗಳು ವಾರಕ್ಕೊಮ್ಮೆ ಬಣ್ಣದ ಪುಟದಲ್ಲಿ ಕಾರು ಬೈಕುಗಳನ್ನು ತೋರಿಸುತ್ತಿದ್ದವು. ಶೋರೂಮಿನವರು ನುಣುಪು ಕಾಗದದ ಪುಸ್ತಕವನ್ನು ಪುಕ್ಕಟೆ ಕೊಡುತ್ತಿದ್ದರು. ಮುಂಬೈಯಿಂದ ಇಂಗ್ಲಿಷ್ ಪತ್ರಿಕೆಗಳು ಪ್ಲಾಸ್ಟಿಕ್ ಕವರಿನೊಳಗೆ ಪೋಸ್ಟರು ಇಟ್ಟುಕೊಂಡು ಬರುತ್ತಿದ್ದವು. ಟೀವಿಯಲ್ಲಂತೂ ಕಾರು ಬೆಟ್ಟ ಹತ್ತುವುದನ್ನೇ ಕಣ್ಣಾರೆ ನೋಡಬಹುದಿತ್ತು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ನಮ್ಮ ಪತ್ರಿಕೆ ಎದುರಿನ ಹಗ್ಗದಿಂದ ಹಿಂದಿನ ಹಲಗೆಗೆ ಹೋಯಿತು. ಅಂಗಡಿಯವನು ಸಂಕೋಚದಿಂದಲೇ ಹೇಳಿದ: "ಹುಡುಗ್ರು ಈಗ ಟೀವಿಯಾಗೆ ನೋಡ್ತಾರ್ರೀ ಯಜಮಾನ್ರೆ. ಯಾರ್ ಓದ್ತಾರೆ?"

"ಟೀವಿಯಾಗೆ ಹಿಂದಿನ ಸೀಟ್ ತೋರಿಸ್ತಾರೇನು?" ಅಂದರು ಯಜಮಾನರು.

ಅಂಗಡಿಯವನು ತಲೆ ಕೆರೆದುಕೊಂಡ. "ಅದೊಂದು ಖರೆ ನೋಡ್ರಿ. ಈಗ್ಲೂ ತಗಳ್ಳೋರು ಅದೊಂದಕ್ಕೇ ತಗಳ್ಳೋದು."

ಈ ಮಾತನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಅನ್ನುವ ನೆಪ ನನಗಿಲ್ಲ.

ಆಗಲೇ ಒಂದು ಹೊಸ ಚಿಕ್ಕ ಕಾರು ಊರಿಗೆ ಬಂತು. ಎಲ್ಲರ ಬಾಯಲ್ಲೂ ಅದೇ. ಶೋರೂಮಿನವರು ಒಂದೇ ಒಂದು ದಿನಕ್ಕೆ ಕೊಡಲು ಒಪ್ಪಿದರು. ಆ ದಿನ ಯಜಮಾನರಿಗೆ ಜ್ವರ. ಮನೆಯ ಮಂಚದ ಮೇಲೆ ಕಂಬಳಿ ಹೊದ್ದು ಕೂತೇ ಕೀಲಿ ಕೊಟ್ಟರು. "ನಂದಿಗುಡಿ ತನಕ ಹೋಗ್ರಿ. ರಸ್ತೆ ಕೆಟ್ಟೈತೆ ಅಂತ ನಡುವೆ ತಿರುಗಿಸಬ್ಯಾಡ್ರಿ" ಅಂದರು. ಹೂಂ ಅಂದೆ.

ಅದೇ ದಿನ ಹರಿಹರದಲ್ಲಿ ನನಗೆ ಹೆಣ್ಣು ನೋಡುವ ಕಾರ್ಯಕ್ರಮವಿತ್ತು. ಅವರಿಗೆ ಹೇಳಿರಲಿಲ್ಲ. ಮೊದಲು ಕೆಲಸ ಮುಗಿಸಿ, ಸಂಜೆ ಬಸ್ಸಿನಲ್ಲಿ ಹೋಗುವುದೆಂದೇ ಅಂದುಕೊಂಡಿದ್ದೆ. ಕೀಲಿ ಕೈಗೆ ಬಂದ ಮೇಲೆ ಬುದ್ಧಿ ಬೇರೆಯಾಯಿತು. ನನ್ನ ಸೋದರಮಾವ ಕಾರು ನೋಡಿದ್ದೇ ತಡ, "ಇದ್ರಾಗೆ ಹೋದ್ರೆ ಕತೆನೇ ಬ್ಯಾರೆ ಆಗ್ತೈತೆ ಬಿಡಪ್ಪ" ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತುಬಿಟ್ಟ. ಬಾತಿ ಬಸ್‌ಸ್ಟಾಪಿನಲ್ಲಿ ನಾಲ್ಕೈದು ಜನ ನಿಂತಿದ್ದರು. ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೈ ಕೂಡ ಮಾಡಿದಳು. ಬಹುಶಃ ಹಿಂದೊಮ್ಮೆ ನಮ್ಮ ಕಾರು ಹತ್ತಿದ್ದವಳೇ ಇರಬೇಕು. "ಸೀಟ್ ಹೊಲಸಾಗ್ತೈತೆ, ನಡಿ ನಡಿ" ಅಂದ ಮಾವ. ನಾನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಆಕೆ ಕೈ ಇಳಿಸುವುದು ಕಂಡಿತು.

ಹರಿಹರದ ಆ ಮನೆ ಸ್ಟೇಷನ್ನಿನ ಹತ್ತಿರ. ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ನನಗೆ ಒಪ್ಪಿಗೆಯಾದಳು. ಅವರಿಗೂ ಅರ್ಧ ನಾನು, ಅರ್ಧ ಕಾರು ಒಪ್ಪಿಗೆಯಾದಂತಿತ್ತು. ಹುಡುಗಿಯ ಅಜ್ಜಿಗೆ ಕಾರಿನಲ್ಲಿ ಕೂರುವ ಆಸೆ. ಮೊಮ್ಮಗಳು ಬೇಡ ಅಂದರೂ ಕೇಳದೆ ಬಂದು ಹಿಂದಿನ ಸೀಟಿನಲ್ಲಿ ಕೂತರು. ಅಲ್ಲೇ ಓಣಿಯಲ್ಲಿ ಒಂದು ಸುತ್ತು ಹಾಕಿಸಿದೆ. ಇಳಿಯುವಾಗ ಶುರುವಾಯಿತು ಫಜೀತಿ. ಬಾಗಿಲು ಕಿರಿದು, ಸೀಟು ತಗ್ಗು. ಮಂಡಿ ಮಡಚಿ ಕೂತವರಿಗೆ ಏಳಲು ಆಗಲೊಲ್ಲದು. ನಾನೊಂದು ಕೈ, ಮಾವ ಒಂದು ಕೈ ಹಿಡಿದು ಎಳೆದು ಹೊರಗೆ ತೆಗೆದೆವು. "ಏನಪ್ಪಾ ಇದು, ಬಾವಿಗೆ ಇಳಿದಂಗಾತು. ಕುಂದ್ರಾಕೆ ಆತು, ಏಳಾಕೆ ಆಗವಲ್ದು" ಎಂದು ಅಜ್ಜಿ ಮಂಡಿ ನೀವಿಕೊಳ್ಳುತ್ತಲೇ ನಕ್ಕರು. ಎಲ್ಲರೂ ನಕ್ಕೆವು. ಮಾತು ಮಾತಿನಲ್ಲಿ ಹೊತ್ತು ಇಳಿಯಿತು. ನಂದಿಗುಡಿಗೆ ಹೋಗದೆ ಕಾರನ್ನು ದಾವಣಗೆರೆಗೆ ತಿರುಗಿಸಿದೆ.

ಮರುದಿನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕೂತು ಅಂಕಣ ಬರೆದೆ. ಹರಿಹರದ ಅಜ್ಜಿಯ ಮಾತು ಬರೆದರೆ ಯಾರ ಮನೆ, ಯಾಕೆ ಹೋಗಿದ್ದೆ, ಬಾತಿಯವರೆಲ್ಲಿ ಎಂದು ಎಲ್ಲ ಹೊರಗೆ ಬರುತ್ತದೆ. ಅದಕ್ಕೇ ನಂದಿಗುಡಿಯ ಗೌರಮ್ಮ ಎಂಬ ಅಜ್ಜಿಯನ್ನು ಹುಟ್ಟಿಸಿದೆ. ಅವರ ಜೊತೆಗೆ ಇನ್ನಿಬ್ಬರನ್ನೂ ಕೂರಿಸಿದೆ. ಶೋರೂಮಿನವರು ಕೊಟ್ಟ ಪುಸ್ತಕದಲ್ಲಿ ಹಿಂದಿನ ಸೀಟು ವಿಶಾಲ ಎಂದಿತ್ತು. ಗೌರಮ್ಮನ ಬಾಯಲ್ಲಿ ಅದನ್ನೇ ಹಾಕಿದೆ: "ನಮ್ಮನಿ ಜಗಲಿ ಮ್ಯಾಲೆ ಕುಂತಂಗೈತೆ ನೋಡಪ್ಪ." ಅಷ್ಟು ಸಲೀಸಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಯಜಮಾನರು ಮಂಚದ ಮೇಲೇ ಓದಿ ಬಾಯ್ತುಂಬ ನಕ್ಕರು. "ಈ ಅಜ್ಜೀನ ನಾನೂ ನೋಡಬೇಕಿತ್ತು ಮೇಷ್ಟ್ರೆ" ಅಂದರು.

ಸಂಚಿಕೆ ಬಂದ ಎರಡು ತಿಂಗಳಿಗೆ ಪ್ರೆಸ್ಸಿಗೊಬ್ಬರು ನಿವೃತ್ತ ಹೆಡ್‌ಮಾಸ್ಟರು ಬಂದರು. ನಂದಿಗುಡಿ ಹತ್ತಿರದ ಹಳ್ಳಿಯವರು. ಕೈಯಲ್ಲಿ ಮಡಚಿದ ನಮ್ಮ ಪತ್ರಿಕೆ. ಅವರ ಹೆಂಡತಿಗೆ ಮಂಡಿನೋವು. ಬಸ್ಸು ಹತ್ತಲು ಆಗುವುದಿಲ್ಲವೆಂದು, ದಾವಣಗೆರೆಯ ಆಸ್ಪತ್ರೆಗೆ ಕರೆತರಲೆಂದೇ ಆ ಕಾರು ತೆಗೆದುಕೊಂಡಿದ್ದರು. ನಮ್ಮ ಅಂಕಣ ಓದಿ ತೆಗೆದುಕೊಂಡಿದ್ದರು.

"ಒಂದ್ಸಲ ಕುಂದ್ರಿಸಿದ್ವಿ. ಇಳಿಸಾಕೆ ಅಕ್ಕಪಕ್ಕದ ಮನೆ ಗಂಡಸ್ರನ್ನ ಕರೀಬೇಕಾತು. ಎತ್ತಿ ಇಳಿಸಿದ್ರು. ಆಕಿಗೆ ಭಾಳ ನಾಚಿಕೆ ಆತ್ರಿ. ಈಗ ಕಾರೂ ಹತ್ತಲ್ಲ, ಆಸ್ಪತ್ರೆಗೂ ಬರಲ್ಲ ಅಂತಾಳೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಕಿ ತವರುಮನಿ ನಂದಿಗುಡೀನೇ. ಊರಾಗೆ ಈ ಗೌರಮ್ಮ ಯಾರಂತ ಆಕಿಗೂ ಗೊತ್ತಿಲ್ಲ. ಸಿಕ್ರೆ ಕೇಳಬೇಕಿತ್ತು, ನೀವು ಹೆಂಗೆ ಇಳಿದ್ರಿ ಅಂತ."

ಯಜಮಾನರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಅವರು ಹೆಡ್‌ಮಾಸ್ಟರ ಕೈ ಹಿಡಿದು, "ಬ್ಯಾರೆ ಊರೋರು ಬಸ್ಸಿಗೆ ಕಾದು ನಿಂತಿರಬೌದು ಸಾರ್. ನಮ್ಮ ಮೇಷ್ಟ್ರು ಇಲ್ಲದ್ದು ಬರೆಯಲ್ಲ. ನಾನು ಅಜ್ಜೀನ ಹುಡುಕ್ತೀನಿ" ಅಂದರು.

ಹುಡುಕಿದರು ಕೂಡ. ಮುಂದಿನ ಎರಡು ಭಾನುವಾರ ಬಸ್ಸು ಹತ್ತಿ ನಂದಿಗುಡಿಗೆ ಹೋದರು. ಸುತ್ತಲಿನ ಹಳ್ಳಿಗಳಲ್ಲಿ ಗದ್ದೆಯ ಬದುವಿನ ಮೇಲೆಲ್ಲ ನಡೆದು, ಗೌರಮ್ಮ ಎಂಬ ಹೆಸರಿನ ಮುದುಕಿಯರ ಮನೆಬಾಗಿಲಿಗೆಲ್ಲ ಹೋಗಿ, "ನೀವೇನಮ್ಮ ಕಾರ್ ಹತ್ತಿದ್ದು?" ಎಂದು ಕೇಳಿದರು. ಸೋಮವಾರ ಪ್ರೆಸ್ಸಿನಲ್ಲಿ ಚಪ್ಪಲಿಯ ಕೆಸರು ಕೆರೆಯುತ್ತ, "ಸಿಗಲಿಲ್ಲ ಮೇಷ್ಟ್ರೆ. ನೋಡಾಕೆ ಹೆಂಗಿದ್ರು? ಎತ್ತರಾನಾ, ಗಿಡ್ಡಾನಾ?" ಅಂದರು. ನಾನು ನಾಚಿಕೆಗೆಟ್ಟವನು, ಗಿಡ್ಡ ಅಂದೆ. ಅವರು ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಮುಂದಿನ ಸಂಚಿಕೆಯಲ್ಲಿ ಅಂಕಣದ ಜಾಗದಲ್ಲಿ ಅವರದೇ ಸಹಿಯ ನಾಲ್ಕು ಸಾಲು ಬಂತು. ಆ ಕಾರಿನ ಹಿಂದಿನ ಸೀಟು ವಯಸ್ಸಾದವರಿಗೆ ಕಷ್ಟ ಎಂದು ಓದುಗರು ತಿಳಿಸಿದ್ದಾರೆ, ತಪ್ಪು ಸಂಪಾದಕನದು, ಅಂದು ಹತ್ತಿದ್ದ ಅಜ್ಜಿಯ ಮಾತನ್ನು ಇನ್ನೊಮ್ಮೆ ಕೇಳುವವರೆಗೆ ಈ ಅಂಕಣ ಬರುವುದಿಲ್ಲ, ಎಂದು. ಅದರ ಮುಂದಿನ ತಿಂಗಳು ಆ ಪುಟದಲ್ಲಿ 'ಹಿಂದಿನ ಸೀಟು' ಎಂಬ ತಲೆಬರಹ, ಕೆಳಗೆ ಒಂದೇ ಸಾಲು: ಅಜ್ಜಿ ಇನ್ನೂ ಸಿಕ್ಕಿಲ್ಲ. ಉಳಿದದ್ದೆಲ್ಲ ಖಾಲಿ ಕಾಗದ. ಅದರಾಚೆಯ ತಿಂಗಳೂ ಅಷ್ಟೇ. ಜನ ಮೊದಮೊದಲು ನಕ್ಕರು. ಆಮೇಲೆ ಕೊಳ್ಳುವುದನ್ನು ಬಿಟ್ಟರು. ಬಸ್‌ಸ್ಟ್ಯಾಂಡಿನ ಅಂಗಡಿಯವನು ಕಟ್ಟು ಬಿಚ್ಚದೆಯೇ ವಾಪಸು ಕಳಿಸತೊಡಗಿದ.

ನನ್ನ ಒಂದು ಮಾತಿನಿಂದ ಆ ಪುಟ ಮತ್ತೆ ತುಂಬುತ್ತಿತ್ತು. ದಿನಾ ಸಂಜೆ ಹೇಳಿಬಿಡೋಣ ಎಂದುಕೊಂಡೇ ಪ್ರೆಸ್ಸಿಗೆ ಹೋಗುತ್ತಿದ್ದೆ. ಮದುವೆ ನಿಶ್ಚಯವಾಗಿತ್ತು. ಈಗ ಹೇಳಿದರೆ ಬೀಗರ ಕಿವಿಗೆ ಬೀಳುತ್ತದೆ, ಮದುವೆ ಆದ ಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೇಗೂ ಟೀವಿ ಬಂದಿದೆ, ಇಂಥ ಪತ್ರಿಕೆಗಳ ಕಾಲ ಮುಗಿಯಿತು, ನಾನು ನೆಟ್ಟಗೆ ಬರೆದಿದ್ದರೂ ಅದು ನಿಲ್ಲುತ್ತಿತ್ತು ಎಂದೂ ಅಂದುಕೊಂಡೆ. ನಿಲ್ಲುತ್ತಿತ್ತೇನೋ. ಆದರೆ ಜನ ಸುಳ್ಳು ಎಂದು ಮುಖ ತಿರುಗಿಸಿದ್ದರಿಂದ ಅದು ನಿಂತದ್ದಕ್ಕೆ ಕಾರಣ ನಾನೇ.

ಮದುವೆ ಹರಿಹರದಲ್ಲಾಯಿತು. ಯಜಮಾನರು ಬಿಳಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಬಂದರು. ನಾನು ಬಾಸಿಂಗ ಕಟ್ಟಿಕೊಂಡು ವೇದಿಕೆಯ ಮೇಲೆ ಕೂತಿದ್ದೆ. ಅಲ್ಲಿಂದ ಮಂಟಪದ ಕೊನೆಯವರೆಗೂ ಕಾಣುತ್ತಿತ್ತು. ಎಲ್ಲಿ ಹೋದರೂ ಮುದುಕರ ಪಕ್ಕ ಹುಡುಕಿಕೊಂಡು ಹೋಗಿ ಕೂರುವುದು ಅವರ ಚಾಳಿ. ಅಂದೂ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಕೂತದ್ದು ನನ್ನ ಹೆಂಡತಿಯ ಅಜ್ಜಿಯ ಪಕ್ಕ.

ವಾಲಗದ ಸದ್ದಿನಲ್ಲಿ ಅವರ ಮಾತು ಕೇಳುವಂತಿರಲಿಲ್ಲ. ಆದರೆ ಅಜ್ಜಿ ಎರಡೂ ಕೈ ಮುಂದೆ ಚಾಚಿ, ಯಾರೋ ಹಿಡಿದು ಎಳೆದಂತೆ ಮೈ ಜಗ್ಗಿ ತೋರಿಸುವುದು ಕಾಣುತ್ತಿತ್ತು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಬೊಚ್ಚುಬಾಯಿ ತೆರೆದು ನಕ್ಕರು. ಯಜಮಾನರೂ ನಕ್ಕರು. ನಗುತ್ತಿದ್ದವರು ತಟ್ಟನೆ ನಗು ನಿಲ್ಲಿಸಿದರು. ನಾನು ಏಳುವ ಹಾಗಿರಲಿಲ್ಲ. ಪುರೋಹಿತರು ಕೈಗೆ ಅಕ್ಕಿ ಹಾಕುತ್ತಿದ್ದರು. ಯಜಮಾನರು ಜೇಬಿನಿಂದ ನೋಟುಬುಕ್ಕು ತೆಗೆದರು. ರಬ್ಬರ್ ಬ್ಯಾಂಡ್ ಬಿಚ್ಚಿದರು. ಅಜ್ಜಿಯ ಕಡೆ ಬಾಗಿ ಏನೋ ಕೇಳಿದರು. ಹೆಸರು ಕೇಳಿದ್ದಿರಬೇಕು.

ಊಟ ಮಾಡಿ, ವೇದಿಕೆ ಹತ್ತಿ ಬಂದು ನಮ್ಮಿಬ್ಬರ ತಲೆಯ ಮೇಲೂ ಅಕ್ಷತೆ ಹಾಕಿದರು. "ಚಲೋ ಮನೆತನ ಸಿಕ್ಕೈತೆ ಮೇಷ್ಟ್ರೆ" ಅಂದರು. "ಅಜ್ಜಿ ಭಾಳ ಚಂದ ಮಾತಾಡ್ತಾರೆ." ಅಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆ ತಿಂಗಳ ಸಂಚಿಕೆ ತೆಳ್ಳಗಿತ್ತು. 'ಹಿಂದಿನ ಸೀಟು' ಮತ್ತೆ ಬಂದಿತ್ತು. ಅಜ್ಜಿ ಸಿಕ್ಕಿದ್ದಾರೆ ಎಂದೇ ಅದರ ಮೊದಲ ಸಾಲು. ಆ ದಿನ ನಂದಿಗುಡಿಗೆ ಹೋಗಿರಲಿಲ್ಲ, ಗೌರಮ್ಮ ಎಂಬುವರು ಯಾರೂ ಹತ್ತಿರಲಿಲ್ಲ, ಹತ್ತಿದ್ದವರು ಹರಿಹರದ ಈ ಅಜ್ಜಿ, ಅವರು ಹೇಳಿದ್ದನ್ನು ಬರೆಯದೆ ಬಿಟ್ಟಿದ್ದೆ, ತಪ್ಪಾಯಿತು, ಎಂದಿತ್ತು. ಅಜ್ಜಿಯ ಹೆಸರು, ಊರು, ಬಾವಿಯ ಮಾತು ಒಂದಕ್ಷರ ಬಿಡದೆ ಇತ್ತು. ಯಾಕೆ ಆ ಮನೆಗೆ ಹೋಗಿದ್ದೆ ಎಂಬುದೊಂದನ್ನು ಮಾತ್ರ ಬಿಟ್ಟಿದ್ದರು. ಕೆಳಗೆ, ಎಂದಿನ ಜಾಗದಲ್ಲಿ, ನನ್ನ ಹೆಸರು. ನಾನು ಬಾಯಿ ಬಿಟ್ಟು ಹೇಳಬೇಕಿದ್ದದ್ದನ್ನೆಲ್ಲ ಅವರೇ ಕೂತು ಬರೆದು, ನಾನೇ ಹೇಳಿದ ಹಾಗೆ ಅಚ್ಚು ಹಾಕಿದ್ದರು.

ಪ್ರೆಸ್ಸಿಗೆ ಹೋದಾಗ ಅವರು ಲಗ್ನಪತ್ರಿಕೆಯೊಂದರ ಪ್ರೂಫ್ ನೋಡುತ್ತಿದ್ದರು. ತಲೆ ಎತ್ತದೆಯೇ, "ನೀವು ಮದುವೆ ಗಡಿಬಿಡಿಯಾಗೆ ಇದ್ರಿ. ಅದಕ್ಕೇ ನಾನೇ ಬರೆದೆ" ಅಂದರು. ಕ್ಷಮಿಸಿ ಅನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ನಾನು, ಪ್ರೂಫ್ ಇನ್ನೂ ಎಷ್ಟಿದೆ ಎಂದು ಕೇಳಿದೆ.

ಅದೇ ಕೊನೆಯ ಸಂಚಿಕೆ. ಆಮೇಲೆ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲಗ್ನಪತ್ರಿಕೆ ಅಚ್ಚು ಮಾಡಿಕೊಂಡಿದ್ದರು. ಅಜ್ಜಿ ಬದುಕಿರುವಷ್ಟು ದಿನ, ಸಿಕ್ಕಾಗಲೆಲ್ಲ ಅಜ್ಜಿ ಹೆಂಗಿದ್ದಾರೆ ಎಂದು ಕೇಳುತ್ತಿದ್ದರು. ಕಾರಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಪತ್ರಿಕೆ ನಿಂತ ಮೇಲೆ ಒಂದು ದಿನ ಪ್ರೆಸ್ಸಿಗೆ ಹೋಗಿದ್ದಾಗ ಅವರು ಟೇಬಲ್ಲಿನ ಖಾನೆಯಿಂದ ಒಂದು ಪೋಸ್ಟ್‌ಕಾರ್ಡು ತೆಗೆದರು. ಹೆಡ್‌ಮಾಸ್ಟರ ದುಂಡು ಅಕ್ಷರ. ವಿಳಾಸದಲ್ಲಿ ನನ್ನ ಹೆಸರಿತ್ತು. ತಪ್ಪನ್ನು ತಾವೇ ಒಪ್ಪಿ ಬರೆದ ತಮ್ಮಂಥವರನ್ನು ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ, ನನ್ನ ಹೆಂಡತಿಗೂ ಓದಿ ಹೇಳಿದೆ, ಅವಳು ತಮಗೆ ನಮಸ್ಕಾರ ತಿಳಿಸಿದ್ದಾಳೆ, ಎಂದು ಬರೆದಿದ್ದರು. ಯಜಮಾನರು ಅದನ್ನು ಓದಿದ್ದರೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

"ತಗಳ್ರಿ ಮೇಷ್ಟ್ರೆ, ನಿಮ್ಗೆ ಬಂದೈತೆ" ಎಂದು ಮುಂದೆ ಚಾಚಿದರು.

ನಾನು ತಗೊಂಡೆ.